ಕರುಳಿನ ಉರಿಯೂತಕ್ಕೆ ಆಕರಕೋಶ: ಎಲ್ಲಿಯವರೆಗೆ ಬಂದಿದೆ?

ದೇಹದ ರೋಗನಿರೋಧಕ ವ್ಯವಸ್ಥೆಯೇ ಕರುಳಿನ ಮೇಲೆ ತಿರುಗಿಬಿದ್ದು, ವರ್ಷಗಟ್ಟಲೆ ಉರಿಯೂತ ಉಂಟುಮಾಡುವ ಕಾಯಿಲೆಗಳಲ್ಲಿ ಎರಡು ಮುಖ್ಯ. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿನ ಒಳಪದರದಲ್ಲಿ ಹುಣ್ಣು ಮಾಡುತ್ತದೆ. ಕ್ರೋನ್ಸ್ ಕಾಯಿಲೆ ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು, ಕರುಳಿನ ಗೋಡೆಯ ಆಳಕ್ಕೂ ಇಳಿಯಬಹುದು. ಭಾರತದಲ್ಲಿ ಕರುಳಿನ ಕ್ಷಯವೂ ಇದರಂತೆಯೇ ಕಾಣುತ್ತದೆ. ಕ್ಷಯವನ್ನು ಕ್ರೋನ್ಸ್ ಎಂದು ತಿಳಿದು ನಿರೋಧಕ ಶಕ್ತಿ ತಗ್ಗಿಸುವ ಔಷಧ ಕೊಟ್ಟರೆ ಸೋಂಕು ಹಬ್ಬುತ್ತದೆ. ಅದಕ್ಕೇ ಕೊಲೊನೋಸ್ಕೋಪಿ, ಬಯಾಪ್ಸಿಗಳಿಗೆ ಇಲ್ಲಿ ಹೆಚ್ಚಿನ ತೂಕ.

ಈ ಕಾಯಿಲೆಗಳಿಗೆ ಆಕರಕೋಶಗಳನ್ನು (ಸ್ಟೆಮ್ ಸೆಲ್) ಎರಡು ದಾರಿಯಲ್ಲಿ ಬಳಸಿ ನೋಡಲಾಗಿದೆ. ಒಂದು, ರೋಗಿಯದೇ ರಕ್ತ ಹುಟ್ಟಿಸುವ ಕೋಶಗಳನ್ನು ತೆಗೆದಿಟ್ಟು, ಕೀಮೋಥೆರಪಿಯಿಂದ ಹಳೆಯ ನಿರೋಧಕ ವ್ಯವಸ್ಥೆಯನ್ನು ಅಳಿಸಿ, ಮತ್ತೆ ಕೊಡುವುದು. ಈ ವಿದ್ಯೆ ಮಹಾರಾಷ್ಟ್ರಕ್ಕೆ ಹೊಸದಲ್ಲ. ಮೂಳೆಮಜ್ಜೆ ಕಸಿ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 1983ರಲ್ಲೇ ನಡೆದಿತ್ತು, ಆದರೆ ರಕ್ತದ ಕ್ಯಾನ್ಸರಿಗೆ. ಕ್ರೋನ್ಸ್‌ಗಾಗಿ ಯುರೋಪಿನಲ್ಲಿ 45 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2015ರಲ್ಲಿ ಪ್ರಕಟವಾಯಿತು: ಗುರಿ ಈಡೇರಲಿಲ್ಲ, ಒಬ್ಬ ರೋಗಿ ತೀರಿಕೊಂಡರು. ಜೀವಕ್ಕೆ ಅಪಾಯ ತರಬಹುದಾದ ಈ ದಾರಿ ಬೇರೆ ಯಾವ ಔಷಧಕ್ಕೂ ಬಗ್ಗದ ಕೆಲವರಿಗಷ್ಟೇ ಯೋಚಿಸಬೇಕಾದದ್ದು.

ಎರಡನೆಯದು ಕೊಬ್ಬು ಅಥವಾ ಮೂಳೆಮಜ್ಜೆಯಿಂದ ತೆಗೆದ ಮೆಸೆಂಕೈಮಲ್ ಕೋಶಗಳದು. ಇವು ಹೊಸ ಕರುಳಾಗಿ ಬೆಳೆಯುವುದಿಲ್ಲ. ಉರಿಯೂತ ತಣಿಸುವ ರಾಸಾಯನಿಕಗಳನ್ನು ಸ್ರವಿಸಿ, ಸ್ವಲ್ಪ ಕಾಲದಲ್ಲಿ ಮಾಯವಾಗುತ್ತವೆ. ಕ್ರೋನ್ಸ್ ರೋಗಿಯ ಗುದದ ಸುತ್ತ ಮೂಡುವ ಭಗಂದರ ಎಂಬ ಸುರಂಗಗಳಿಗೆ ಇವನ್ನು ಚುಚ್ಚುತ್ತಾರೆ. ಮೊದಲು ಅರಿವಳಿಕೆ ಕೊಟ್ಟು ಸುರಂಗವನ್ನು ಕೆರೆದು ಸ್ವಚ್ಛಗೊಳಿಸಿ, ಒಳಬಾಯಿಯನ್ನು ಹೊಲಿದು, ಅದರ ಸುತ್ತಲೂ ಸುರಂಗದ ಗೋಡೆಗೂ ಒಟ್ಟು 12 ಕೋಟಿ ಕೋಶಗಳನ್ನು ಸೇರಿಸುವ ಡಾರ್ವಾಡ್ಸ್ಟ್ರೋಸೆಲ್ ಎಂಬ ಔಷಧಕ್ಕೆ ಯುರೋಪು 2018ರಲ್ಲಿ ಒಪ್ಪಿಗೆ ಕೊಟ್ಟಿತು. ಮೊದಲ ಪರೀಕ್ಷೆಯಲ್ಲಿ ಸುಮಾರು 50% ಜನರಿಗೆ ಗುಣ ಕಂಡಿತ್ತು, ಬರೀ ಉಪ್ಪುನೀರು ಚುಚ್ಚಿದ ಗುಂಪಿನಲ್ಲಿ 34%. ದೊಡ್ಡದಾದ ಎರಡನೆಯ ಪರೀಕ್ಷೆಯಲ್ಲಿ ಆ ಅಂತರವೇ ಉಳಿಯಲಿಲ್ಲ. 2024ರ ಕೊನೆಗೆ ಔಷಧ ಯುರೋಪಿನ ಮಾರುಕಟ್ಟೆಯಿಂದ ಹಿಂದೆ ಸರಿಯಿತು. ಶಸ್ತ್ರಚಿಕಿತ್ಸೆಯನ್ನು ಚೊಕ್ಕವಾಗಿ ಮಾಡಿದರೆ ಅದರಿಂದಲೇ ಅರ್ಧಕ್ಕೆ ಹತ್ತಿರದಷ್ಟು ಜನರಿಗೆ ಗುಣವಾಗುತ್ತದೆ ಎಂಬುದೂ ಆಗ ಗೊತ್ತಾಯಿತು.

ಭಾರತದಲ್ಲಿ ಈ ಬಗೆಯ ಕೋಶಗಳ ಔಷಧವೊಂದು ಇದೆ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ತಯಾರಿಸಿದ ಸ್ಟೆಂಪ್ಯೂಸೆಲ್‌ಗೆ ಬರ್ಗರ್ಸ್ ಕಾಯಿಲೆಯಿಂದ ಕಾಲಿನ ರಕ್ತಸಂಚಾರ ಕಟ್ಟಿದವರಿಗೂ ಮೊಣಕಾಲ ಸವೆತಕ್ಕೂ ಅನುಮತಿ ಸಿಕ್ಕಿದೆ. ಕರುಳಿನ ಕಾಯಿಲೆ ಆ ಪಟ್ಟಿಯಲ್ಲಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಈ ಬಗ್ಗೆ ಗಟ್ಟಿಯಾಗಿದೆ: ರಕ್ತಸಂಬಂಧಿ ಕಾಯಿಲೆಗಳ ಕಸಿಯನ್ನು ಬಿಟ್ಟರೆ, ಒಪ್ಪಿಗೆ ಸಿಗದ ಆಕರಕೋಶ ಬಳಕೆ ವೈದ್ಯಕೀಯ ಪ್ರಯೋಗದ ಚೌಕಟ್ಟಿನಲ್ಲೇ ನಡೆಯಬೇಕು. ನಾಸಿಕ್‌ನ ಖಾಸಗಿ ಕ್ಲಿನಿಕ್ಕಿಗೂ, ಛತ್ರಪತಿ ಸಂಭಾಜಿನಗರದಲ್ಲಿ ಘಾಟಿ ಎಂದೇ ಹೆಸರಾದ ಸರ್ಕಾರಿ ಆಸ್ಪತ್ರೆಗೂ ಇದು ಒಂದೇ. ಕರುಳಿಗೆ ಆಕರಕೋಶ ಕೊಡುತ್ತೇವೆ ಎನ್ನುವವರನ್ನು ವೈದ್ಯಕೀಯ ಪ್ರಯೋಗಗಳ ರಾಷ್ಟ್ರೀಯ ದಾಖಲೆಯಾದ ಸಿಟಿಆರ್‌ಐನ ನೋಂದಣಿ ಸಂಖ್ಯೆ, ನೈತಿಕ ಸಮಿತಿಯ ಒಪ್ಪಿಗೆ, ಹಾನಿಯಾದರೆ ಪರಿಹಾರ ಯಾರದು ಎಂದು ಕೇಳುವುದು ರೋಗಿಯ ಹಕ್ಕು. ಪ್ರಯೋಗಕ್ಕೆ ಬಂದವರಿಂದ ಲಕ್ಷಗಟ್ಟಲೆ ಶುಲ್ಕ ವಸೂಲಿ ಮಾಡುವುದು ಸರ್ವಥಾ ಸರಿಯಲ್ಲ.

ಈ ನಡುವೆ ಮೆಸಲಮೈನ್, ಅಜಥಯೋಪ್ರಿನ್‌ಗಳ ಜೊತೆಗೆ, ಉರಿಯೂತದ ಸಂಕೇತವನ್ನೇ ತಡೆಯುವ ಅಡಲಿಮುಮ್ಯಾಬ್‌ನ ದೇಶೀ ರೂಪವೂ 2014ರಿಂದ ಸಿಗುತ್ತಿದೆ. ಭಗಂದರಕ್ಕೆ ಸುರಂಗದೊಳಗೆ ದಾರ ಪೋಣಿಸಿ ಕೀವು ಹರಿಯಲು ಬಿಡುವ ಸೆಟಾನ್ ವಿಧಾನ ಇಂದಿಗೂ ಶಸ್ತ್ರವೈದ್ಯರ ಮೊದಲ ಆಯ್ಕೆಗಳಲ್ಲೊಂದು.