ಗುಂಡಿನ ವೇಗ ಅಳೆದ ಮರದ ಹಲಗೆ

ಕೋವಿಯಿಂದ ಹಾರಿದ ಗುಂಡು ಸೆಕೆಂಡಿಗೆ ಎಷ್ಟು ದೂರ ಹೋಗುತ್ತದೆ? 18ನೇ ಶತಮಾನದ ಆರಂಭದಲ್ಲಿ ಈ ಪ್ರಶ್ನೆಗೆ ನಂಬಬಹುದಾದ ಉತ್ತರವಿರಲಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಗುರಿ ಮುಟ್ಟುವ ವಸ್ತುವಿನ ಓಟವನ್ನು ಹಿಡಿಯಬಲ್ಲ ಗಡಿಯಾರ ಆಗ ಎಲ್ಲಿಯೂ ಇರಲಿಲ್ಲ. ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್ ಗಡಿಯಾರದ ಗೊಡವೆಗೇ ಹೋಗಲಿಲ್ಲ. ತೂಗುಬಿಟ್ಟ ಒಂದು ಮರದ ಹಲಗೆಗೆ ಗುಂಡು ಹೊಡೆದು, ಅದು ಎಷ್ಟು ಜೀಕಿತು ಎಂಬುದನ್ನಷ್ಟೇ ಅಳೆದ. 1742ರಲ್ಲಿ ಈ ವಿಧಾನವನ್ನು ಪುಸ್ತಕವಾಗಿ ಪ್ರಕಟಿಸಿದ.

ರಾಬಿನ್ಸ್ ನೆಚ್ಚಿಕೊಂಡದ್ದು ಸಂವೇಗವನ್ನು. ವಸ್ತುವಿನ ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದರೆ ಬರುವುದೇ ಸಂವೇಗ. ಎರಡು ವಸ್ತುಗಳು ಡಿಕ್ಕಿ ಹೊಡೆದಾಗ ಒಂದು ಕಳೆದುಕೊಂಡ ಸಂವೇಗವನ್ನು ಇನ್ನೊಂದು ಪಡೆಯುತ್ತದೆ. ಒಟ್ಟು ಮೊತ್ತ ಬದಲಾಗುವುದಿಲ್ಲ.

ಲೆಕ್ಕ ಸುಲಭವಾಗಲೆಂದು ಗುಂಡು 40 ಗ್ರಾಂ, ಹಲಗೆ 20 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಗುಂಡು ಹೊಕ್ಕ ಹಲಗೆ ಜೀಕುತ್ತ ಸುಮಾರು 5 ಸೆಂಟಿಮೀಟರ್ ಮೇಲೇರಿತು ಅನ್ನೋಣ. ಅಷ್ಟು ಎತ್ತರಕ್ಕೇರಲು ಆರಂಭದಲ್ಲಿ ಸೆಕೆಂಡಿಗೆ 1 ಮೀಟರ್ ವೇಗ ಬೇಕು. ಹಲಗೆ ಗುಂಡಿಗಿಂತ 500 ಪಟ್ಟು ಭಾರ. ಆದ್ದರಿಂದ ಗುಂಡಿನ ವೇಗ ಸೆಕೆಂಡಿಗೆ ಸುಮಾರು 500 ಮೀಟರ್. ಕಣ್ಣಿಗೆ ಕಾಣದ ವೇಗ, ಅಳತೆಪಟ್ಟಿಯಲ್ಲಿ ಓದಬಹುದಾದ ಎತ್ತರವಾಯಿತು!

ಗುಂಡಿನ ಚಲನಶಕ್ತಿಯನ್ನೇ ಹಿಡಿದು ಲೆಕ್ಕ ಹಾಕಬಾರದಿತ್ತೇ? ಹಾಕಿದ್ದರೆ ಮೋಸ ಹೋಗಬೇಕಾಗಿತ್ತು. ಮೇಲಿನ ಉದಾಹರಣೆಯಲ್ಲಿ ಗುಂಡಿನ ಚಲನಶಕ್ತಿ 5,000 ಜೂಲ್. ಜೀಕುವ ಹಲಗೆಯಲ್ಲಿ ಉಳಿದದ್ದು ಕೇವಲ 10 ಜೂಲ್. ಮಿಕ್ಕದ್ದೆಲ್ಲ ಮರವನ್ನು ಸೀಳುವುದರಲ್ಲಿ, ಶಾಖದಲ್ಲಿ, ಸದ್ದಿನಲ್ಲಿ ಖರ್ಚಾಗಿಬಿಟ್ಟಿತು. ಸಂವೇಗಕ್ಕೆ ಹೀಗೆ ಸೋರಿಹೋಗುವ ದಾರಿಯಿಲ್ಲ. ಏಕೆಂದರೆ ಗುಂಡು ಹಲಗೆಯನ್ನು ಎಷ್ಟು ಬಲದಿಂದ ತಳ್ಳುತ್ತದೋ ಅಷ್ಟೇ ಬಲದಿಂದ ಹಲಗೆಯೂ ಗುಂಡನ್ನು ತಡೆಯುತ್ತದೆ, ಅದೂ ಅಷ್ಟೇ ಹೊತ್ತು. ಬಲವನ್ನು ಅದು ವರ್ತಿಸಿದ ಕಾಲದಿಂದ ಗುಣಿಸಿದರೆ ಬರುವುದಕ್ಕೆ ಆವೇಗ ಎಂದು ಹೆಸರು. ಎರಡೂ ಕಡೆಯ ಆವೇಗ ಸಮ, ದಿಕ್ಕು ಮಾತ್ರ ವಿರುದ್ಧ. ಶಾಲೆಯ ಪಠ್ಯಗಳಲ್ಲಿ ಸೂತ್ರವೊಂದೇ ಮುಂದೆ ನಿಂತು, ಈ ಸರಳ ಕಾರಣ ಹಿಂದೆ ಸರಿಯುವುದುಂಟು.

ಆವೇಗದ ಮರ್ಮವನ್ನು ಸೂತ್ರವಿಲ್ಲದೆಯೇ ಬಲ್ಲವರು ಕಟ್ಟಡ ಕೆಲಸದ ಆಳುಗಳು. ಕೆಳಗಿನಿಂದ ಎಸೆದ ಇಟ್ಟಿಗೆಯನ್ನು ಮೇಲಿನವನು ಹಿಡಿಯುವಾಗ ಕೈಯನ್ನು ಇಟ್ಟಿಗೆಯ ಜೊತೆಗೇ ತುಸು ಸಾಗಗೊಡುತ್ತಾನೆ. ಇಟ್ಟಿಗೆ ನಿಲ್ಲಲು ಹಿಡಿಯುವ ಸಮಯ ಆರು ಪಟ್ಟಾದರೆ ಅಂಗೈಗೆ ಬೀಳುವ ಪೆಟ್ಟು ಆರನೇ ಒಂದು ಪಾಲಿಗೆ ಇಳಿಯುತ್ತದೆ.

ರಾಬಿನ್ಸನ ಪ್ರಯೋಗದಿಂದ ಹೊರಬಿದ್ದ ಸಂಗತಿ ಫಿರಂಗಿ ಪಂಡಿತರನ್ನು ಬೆಚ್ಚಿಬೀಳಿಸುವಂಥದು. ಗೆಲಿಲಿಯೋ ಹೇಳಿದ ಪರವಲಯದ ಹಾದಿಯಲ್ಲೇ ಗುಂಡು ಸಾಗುತ್ತದೆ, ಗಾಳಿಯ ತಡೆ ನಗಣ್ಯ ಎಂಬುದು ಆಗಿನ ಅನೇಕರ ನಂಬಿಕೆ. ಸೆಕೆಂಡಿಗೆ 500 ಮೀಟರ್ ವೇಗದ ಗುಂಡನ್ನು ಗಾಳಿಯಿಲ್ಲದ ಕಡೆ ಓರೆಯಾಗಿ ಹಾರಿಸಿದರೆ 25 ಕಿ.ಮೀ. ಹೋಗಬೇಕು. ನಿಜದಲ್ಲಿ ಅಂದಿನ ಕೋವಿಯ ಗುಂಡು ಒಂದು ಕಿ.ಮೀ. ಆಸುಪಾಸಿನಲ್ಲೇ ನೆಲ ಕಚ್ಚುತ್ತಿತ್ತು. ಹಲಗೆಯನ್ನು ಬೇರೆ ಬೇರೆ ದೂರದಲ್ಲಿ ಇಟ್ಟು ಹೊಡೆದಾಗ ಗುಟ್ಟು ರಟ್ಟಾಯಿತು: ವೇಗದ ಗುಂಡಿಗೆ ಗಾಳಿ ಒಡ್ಡುವ ತಡೆ ಅದರ ತೂಕದ ನೂರು ಪಟ್ಟಿಗೂ ಹೆಚ್ಚು.

1745ರಲ್ಲಿ ಮಹಾಗಣಿತಜ್ಞ ಆಯ್ಲರ್ ಈ ಪುಸ್ತಕವನ್ನು ಜರ್ಮನ್ ಭಾಷೆಗೆ ತಂದು ವಿಸ್ತಾರವಾದ ಟಿಪ್ಪಣಿ ಬರೆದ. ಮುಂದೆ ಚಾರ್ಲ್ಸ್ ಹಟ್ಟನ್ ಹೆಚ್ಚು ಭಾರದ ಲೋಲಕ ಕಟ್ಟಿ ಫಿರಂಗಿಯ ಗುಂಡುಗಳ ವೇಗವನ್ನೂ ಅಳೆದ. ಅಷ್ಟು ಹೊತ್ತಿಗೆ ರಾಬಿನ್ಸ್ ತೀರಿಕೊಂಡಿದ್ದ. ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ಬಲಪಡಿಸಲು 1750ರಲ್ಲಿ ಭಾರತಕ್ಕೆ ಬಂದ ಆತ, ಮರುವರ್ಷವೇ ತಮಿಳುನಾಡಿನ ಕಡಲೂರಿನ ಬಳಿ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರದಿಂದ ಸತ್ತ. ಆಗ ಅವನಿಗೆ 44 ವರ್ಷ.