ಪ್ರೈಮರಿಯಲ್ಲಿ ಸ್ಪರ್ಧಿಸದ ಕಮಲಾ ಹ್ಯಾರಿಸ್ ಅಭ್ಯರ್ಥಿಯಾಗಿದ್ದು ಕಾನೂನುಬಾಹಿರವೇ?

2024ರ ಅಮೆರಿಕ ಅಧ್ಯಕ್ಷೀಯ ಚುನಾವಣೆಯಲ್ಲಿ ಕಮಲಾ ಹ್ಯಾರಿಸ್ ಪ್ರೈಮರಿಯಲ್ಲಿ ಸ್ಪರ್ಧಿಸದೆಯೇ ಡೆಮಾಕ್ರಟಿಕ್ ಅಭ್ಯರ್ಥಿಯಾದರು, ಅದು ಕಾನೂನುಬಾಹಿರ ಎಂಬ ಮಾತು ಸಾಮಾಜಿಕ ಜಾಲತಾಣಗಳಲ್ಲಿ ಹರಿದಾಡಿತ್ತು. ಸ್ಪರ್ಧಿಸಿರಲಿಲ್ಲ ಎಂಬುದು ನಿಜ. ಕಾನೂನುಬಾಹಿರ ಎಂಬುದು ಸುಳ್ಳು. ಯಾಕೆ ಎಂದು ನೋಡೋಣ.

ನಮ್ಮಲ್ಲಿ ಹೈಕಮಾಂಡ್ ಬಿ ಫಾರಂ ಕೊಟ್ಟವರೇ ಪಕ್ಷದ ಅಭ್ಯರ್ಥಿ. ಅಮೆರಿಕದಲ್ಲಿ ಆ ಬಿ ಫಾರಂ ಯಾರಿಗೆ ಎಂದು ಮತದಾರರನ್ನೇ ಕೇಳುತ್ತಾರೆ. ಅದೇ ಪ್ರೈಮರಿ. ಚುನಾವಣಾ ವರ್ಷದ ಆರಂಭದಿಂದ ಸುಮಾರು ಜೂನ್‌ವರೆಗೆ ಒಂದೊಂದು ರಾಜ್ಯದಲ್ಲಿ ಒಂದೊಂದು ದಿನ ನಡೆಯುತ್ತದೆ. ಕೆಲವೆಡೆ ಮತಗಟ್ಟೆಯ ಬದಲು ಕಾಕಸ್ ಎಂಬ ಸಭೆ ಇರುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಪ್ರೈಮರಿಯ ಮತದಿಂದ ಅಭ್ಯರ್ಥಿ ನೇರವಾಗಿ ಆಯ್ಕೆಯಾಗುವುದಿಲ್ಲ. ಮತಗಳ ಲೆಕ್ಕದಲ್ಲಿ ಸ್ಪರ್ಧಿಗಳಿಗೆ ಡೆಲಿಗೇಟ್‌ಗಳು, ಅಂದರೆ ಪಕ್ಷದ ಪ್ರತಿನಿಧಿಗಳು, ಹಂಚಿಕೆಯಾಗುತ್ತಾರೆ. ಡೆಮಾಕ್ರಟಿಕ್ ಪಕ್ಷದಲ್ಲಿ ಕನಿಷ್ಠ ಶೇ 15ರಷ್ಟು ಮತ ಪಡೆದವರಿಗೆ ಮಾತ್ರ ಪಾಲು. ರಿಪಬ್ಲಿಕನ್ನರ ಕೆಲವು ರಾಜ್ಯಗಳಲ್ಲಿ ಗೆದ್ದವರಿಗೇ ಎಲ್ಲ ಡೆಲಿಗೇಟ್‌ಗಳು. ಬಳಿಕ ರಾಷ್ಟ್ರೀಯ ಸಮಾವೇಶದಲ್ಲಿ ಇವರು ಮತ ಹಾಕುತ್ತಾರೆ, ಅರ್ಧಕ್ಕಿಂತ ಹೆಚ್ಚು ಪಡೆದವರೇ ಅಭ್ಯರ್ಥಿ. 2024ರಲ್ಲಿ ರಿಪಬ್ಲಿಕನ್ ಪಕ್ಷದ 2,429 ಡೆಲಿಗೇಟ್‌ಗಳಲ್ಲಿ 1,215 ಬೇಕಿತ್ತು.

ಅಮೆರಿಕದ ಮೂಲ ಸಂವಿಧಾನದಲ್ಲಿ ಪ್ರೈಮರಿಯ ಪ್ರಸ್ತಾಪವೇ ಇಲ್ಲ, ರಾಜಕೀಯ ಪಕ್ಷಗಳದ್ದೂ ಇಲ್ಲ! ಇದೆಲ್ಲ ನಡೆಯುವುದು ರಾಜ್ಯಗಳ ಕಾನೂನು ಮತ್ತು ಪಕ್ಷಗಳ ನಿಯಮಗಳ ಮೇಲೆ. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದೂ ಪ್ರೈಮರಿಯಲ್ಲಿ ಸ್ಪರ್ಧಿಸದೆ ಡೆಮಾಕ್ರಟಿಕ್ ಅಭ್ಯರ್ಥಿಯಾದರು. ಶಿಕಾಗೊ ಸಮಾವೇಶದ ಹೊರಗೆ ಪ್ರತಿಭಟನೆ, ಪೊಲೀಸರ ಲಾಠಿ. ಹಂಫ್ರಿ ನಿಕ್ಸನ್ ಎದುರು ಸೋತರು. ಆಮೇಲೆ ಪಕ್ಷ ನಿಯಮ ಬದಲಿಸಿತು, 1972ರಿಂದ ಪ್ರೈಮರಿಗಳೇ ನಿರ್ಣಾಯಕವಾದವು.

ಆದರೂ ನಾಯಕರ ಕೈ ಪೂರ್ತಿ ಬಿಟ್ಟುಹೋಗಲಿಲ್ಲ. ಯಾರಿಗೆ ಬೇಕಾದರೂ ಮತ ಹಾಕಬಲ್ಲ ಸೂಪರ್‌ಡೆಲಿಗೇಟ್‌ಗಳು ಬಂದರು. 2016ರಲ್ಲಿ ನ್ಯೂಹ್ಯಾಂಪ್‌ಶೈರ್‌ನಲ್ಲಿ ಶೇ 60ರಷ್ಟು ಮತ ಪಡೆದ ಬರ್ನಿ ಸ್ಯಾಂಡರ್ಸ್‌ಗೆ 15, ಹಿಲರಿ ಕ್ಲಿಂಟನ್‌ಗೆ 9 ಡೆಲಿಗೇಟ್‌ಗಳು ಸಿಕ್ಕರು. ಅಲ್ಲಿನ ಸೂಪರ್‌ಡೆಲಿಗೇಟ್‌ಗಳ ಬೆಂಬಲ ಸೇರಿಸಿ ನೋಡಿದರೆ ಆ ಅಂತರ ಮಾಯವಾಗುತ್ತಿತ್ತು. ಸ್ಯಾಂಡರ್ಸ್ ಬೆಂಬಲಿಗರ ಸಿಟ್ಟಿಗೆ ಅರ್ಥವಿತ್ತು ಎಂದೇ ನಮ್ಮ ಅನಿಸಿಕೆ. ಈಗ ಮೊದಲ ಸುತ್ತಿನಲ್ಲಿ ಫಲಿತಾಂಶ ಬದಲಿಸುವಂತೆ ಮತ ಹಾಕಲು ಅವರಿಗೆ ಅವಕಾಶವಿಲ್ಲ. ಈ ಬದಲಾವಣೆ ಆಗಿದ್ದು 2018ರಲ್ಲಿ.

ಈಗ ಹ್ಯಾರಿಸ್ ವಿಷಯ. ಪ್ರೈಮರಿಗಳಲ್ಲಿ ಗೆದ್ದಿದ್ದ ಜೋ ಬೈಡನ್ 2024ರ ಜುಲೈ 21ರಂದು ಹಿಂದೆ ಸರಿದರು. ಆಗ ಅವರು ಸಮಾವೇಶದಲ್ಲಿ ಅಧಿಕೃತ ಅಭ್ಯರ್ಥಿಯಾಗಿರಲಿಲ್ಲ. ಅವರ ಡೆಲಿಗೇಟ್‌ಗಳು ಯಾರನ್ನಾದರೂ ಆರಿಸಲು ಸ್ವತಂತ್ರರಾದರು. ಆಗಸ್ಟ್ ಮೊದಲ ವಾರ ನಡೆದ ಆನ್‌ಲೈನ್ ಮತದಾನದಲ್ಲಿ ಹ್ಯಾರಿಸ್ ಆಯ್ಕೆಯಾದರು. ಮತದಾರರಿಗೆ ಇನ್ನೊಂದು ಅವಕಾಶ ಸಿಗಲಿಲ್ಲ ಎಂದು ಟೀಕಿಸಬಹುದು, ಆ ಟೀಕೆ ನ್ಯಾಯವಾದದ್ದೇ. ಆದರೆ ಮುರಿದ ಕಾನೂನು ಯಾವುದು ಎಂದು ಕೇಳಿದರೆ ಫಾರ್ವರ್ಡ್‌ನಲ್ಲಿ ಉತ್ತರವಿಲ್ಲ.