ಹಾಸಿಗೆ ಇದ್ದಷ್ಟು ಕಾಲು: ಹಳೆಯ ಲ್ಯಾಪ್‌ಟಾಪ್‌ಗೆ ಬದಲಿ ಕೊಳ್ಳುವ ಮುನ್ನ

ನಮ್ಮ ಹಿರಿಯರು ಊರು ಬಿಟ್ಟು ಮುಂಬಯಿಗೆ ಬಂದ ಕಾಲದಲ್ಲಿ ವಿದ್ಯೆಗೆ ಬೇಕಾದ ಸಲಕರಣೆಗಳು ಹೆಚ್ಚೇನೂ ಇರಲಿಲ್ಲ. ಹಗಲು ಹೋಟೆಲಿನಲ್ಲೋ ಕ್ಯಾಂಟೀನಿನಲ್ಲೋ ದುಡಿದು, ರಾತ್ರಿ ಶಾಲೆಯ ಬೆಂಚಿನಲ್ಲಿ ಕುಳಿತು ಮೆಟ್ರಿಕ್ ಮುಗಿಸಿದವರು ಅವರಲ್ಲಿ ಎಷ್ಟೋ ಮಂದಿ. ಟೈಪಿಂಗ್ ಮತ್ತು ಶಾರ್ಟ್‌ಹ್ಯಾಂಡ್ ತರಗತಿಗೆ ಶುಲ್ಕ ಕಟ್ಟಿ, ಅಲ್ಲಿನ ಯಂತ್ರದಲ್ಲೇ ಕೈ ಪಳಗಿಸಿಕೊಂಡು, ಫೋರ್ಟ್ ಪರಿಸರದ ಕಚೇರಿಗಳಲ್ಲಿ ಗುಮಾಸ್ತರಾದವರೂ ಇದ್ದಾರೆ. ಟೈಪ್‌ರೈಟರ್ ಅವರ ಸ್ವಂತದ್ದಾಗಿರಬೇಕು ಎಂದೇನೂ ಇರಲಿಲ್ಲ.

ಇಂದಿನ ಮಾತೇ ಬೇರೆ. ಕಾಂದಿವಲಿ, ಬೊರಿವಲಿ, ಮಲಾಡ್ ಪರಿಸರದ ನಮ್ಮ ಮನೆಗಳಲ್ಲಿ ಸಿ.ಎ., ಬಿ.ಕಾಂ., ಇಂಜಿನಿಯರಿಂಗ್ ಓದುತ್ತಿರುವ ಮಕ್ಕಳಿಗೆ ಲ್ಯಾಪ್‌ಟಾಪ್ ಕೈಕೊಟ್ಟರೆ ಓದೇ ನಿಂತಂತೆ. ಪರೀಕ್ಷೆ ಹತ್ತಿರವಿದ್ದಾಗ ಹೀಗಾದರಂತೂ ಮನೆಯಲ್ಲಿ ಗಡಿಬಿಡಿ. ಒಂದೆಡೆ ಮನೆ ಸಾಲದ ಕಂತು, ಇನ್ನೊಂದೆಡೆ ತಂಗಿಯ ಕಾಲೇಜು ಶುಲ್ಕ. ಇವೆರಡರ ನಡುವೆ ತಂದೆಯವರು ಹೊಂದಿಸಿ ಕೊಡುವ ಹಣಕ್ಕೆ ತಕ್ಕ ಬೆಲೆ ಬರಬೇಕಲ್ಲವೇ? ಯುವ ಮಿತ್ರರೇ, ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ತಿಳಿದಿರಬೇಕಾದ ನಾಲ್ಕು ವಿಷಯಗಳು ಇಲ್ಲಿವೆ.

ಹೊಸದು ನಿಜಕ್ಕೂ ಬೇಕೇ?

ಲ್ಯಾಪ್‌ಟಾಪ್ ನಿಧಾನವಾಯಿತು ಎಂದ ಮಾತ್ರಕ್ಕೆ ಅದರ ಆಯುಷ್ಯ ಮುಗಿಯಿತೆಂದಲ್ಲ. ಹಳೆಯ ಯಂತ್ರದಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ, ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಿಸಿದೊಡನೆ ಅದು ಹೊಸ ಚೈತನ್ಯ ಪಡೆಯುತ್ತದೆ. ಬ್ಯಾಟರಿ ಬದಲಾಯಿಸುವುದೂ ದೊಡ್ಡ ಕೆಲಸವಲ್ಲ. ಆದರೆ ಈ ಖರ್ಚು ಮಾಡುವ ಮೊದಲು ಒಂದು ಪರೀಕ್ಷೆ ಅಗತ್ಯ.

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ನಿಯಮಪ್ರಕಾರ ಓಡಬೇಕಾದರೆ ಟಿಪಿಎಂ 2.0 ಎಂಬ ಸುರಕ್ಷತಾ ವ್ಯವಸ್ಥೆ ಇರಬೇಕು. ಪ್ರೊಸೆಸರ್ ಇಂಟೆಲ್‌ನದಾದರೆ ಸಾಮಾನ್ಯವಾಗಿ 8ನೇ ಪೀಳಿಗೆಯದು ಅಥವಾ ಅನಂತರದ್ದಾಗಿರಬೇಕು. ನಿಮ್ಮ ಯಂತ್ರ ಈ ಪರೀಕ್ಷೆಯಲ್ಲಿ ಪಾಸಾದರೆ ರಿಪೇರಿಯೇ ಲಾಭ. ಪಾಸಾಗದಿದ್ದರೂ ಎಸೆಯಬೇಕಾಗಿಲ್ಲ. ಉಬುಂಟು, ಲಿನಕ್ಸ್ ಮಿಂಟ್ ಮೊದಲಾದ ಉಚಿತ ವ್ಯವಸ್ಥೆಗಳು ಇಂತಹ ಯಂತ್ರದಲ್ಲೂ ಚೆನ್ನಾಗಿ ನಡೆಯುತ್ತವೆ. ಬರಹ, ಇಂಟರ್ನೆಟ್, ಆನ್‌ಲೈನ್ ಪಾಠಗಳಿಗೆ ಅಷ್ಟು ಸಾಕು. ಆದರೆ ವಾಣಿಜ್ಯ ವಿದ್ಯಾರ್ಥಿಗಳು ಒಂದು ಮಾತು ನೆನಪಿಡಬೇಕು. ಟ್ಯಾಲಿ ಪ್ರೈಮ್ ವಿಂಡೋಸ್‌ಗೆಂದೇ ಸಿದ್ಧಪಡಿಸಿದ ತಂತ್ರಾಂಶ. ಆದ್ದರಿಂದ ಕಲಿಯುವ ವಿಷಯ ಯಾವುದು ಎಂಬುದನ್ನು ಮೊದಲು ನೋಡಿ, ಯಂತ್ರವನ್ನು ಆಮೇಲೆ ಆರಿಸಿ.

ಹೆಸರಿನ ಮೋಹ ಬೇಡ

"ಐ7 ಇದೆ, ಕಡಿಮೆ ಬೆಲೆಗೆ ಕೊಡುತ್ತೇನೆ" ಎಂದು ಅಂಗಡಿಯಾತ ಹೇಳಿದಾಗ ಕಿವಿ ನೆಟ್ಟಗಾಗುವುದು ಸಹಜ. ಆದರೆ ಐ7 ಎಂಬುದು ಮನೆತನದ ಹೆಸರು ಮಾತ್ರ. ವಯಸ್ಸು ತಿಳಿಯುವುದು ಮುಂದಿನ ಅಂಕಿಯಿಂದ. ಐ7-6600ಯು ಎಂದಿದ್ದರೆ ಅದು 6ನೇ ಪೀಳಿಗೆ, 2015ರಲ್ಲಿ ಬಂದದ್ದು, ಅದರಲ್ಲಿರುವುದು 2 ಕೋರ್. ಐ5-8250ಯು ಎಂದಿದ್ದರೆ 8ನೇ ಪೀಳಿಗೆ, 2017ರಲ್ಲಿ ಬಂದದ್ದು, ಅದರಲ್ಲಿ 4 ಕೋರ್. ಹೆಸರಿನಲ್ಲಿ ಚಿಕ್ಕದಾದ ಈ ಐ5, ಕೆಲಸದಲ್ಲಿ ದೊಡ್ಡದು. ಮೇಲಾಗಿ ಇದು ವಿಂಡೋಸ್ 11ರ ಪಟ್ಟಿಯಲ್ಲಿದೆ, ಆ ಐ7 ಇಲ್ಲ.

ರ್ಯಾಮ್ ವಿಷಯದಲ್ಲಿ 8 ಜಿಬಿಗಿಂತ ಕೆಳಗಿಳಿಯಬೇಡಿ. 16 ಜಿಬಿ ದೊರೆತರೆ ಇನ್ನೂ ಒಳ್ಳೆಯದು. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ಬೃಹತ್ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ ಜಗತ್ತಿನಾದ್ಯಂತ ರ್ಯಾಮ್ ಬೆಲೆ ಒಮ್ಮೆಲೇ ಏರಿತು. ಹಾಗಾಗಿ "ಈಗ 4 ಜಿಬಿ ಇರಲಿ, ಮುಂದೆ ಹೆಚ್ಚಿಸೋಣ" ಎಂಬ ಲೆಕ್ಕ ತಲೆಕೆಳಗಾಗಬಹುದು. ತೆಳ್ಳಗಿನ ಕೆಲವು ಮಾದರಿಗಳಲ್ಲಿ ರ್ಯಾಮ್ ಅನ್ನು ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ. ಅಲ್ಲಿ ಹೆಚ್ಚಿಸುವ ಪ್ರಶ್ನೆಯೇ ಇಲ್ಲ. ಕೊಳ್ಳುವಾಗಲೇ ಕೇಳಿ ತಿಳಿಯಿರಿ.

ಇನ್ನೊಂದು ವಿಷಯ ತೂಕ. ಬೆಳಗಿನ ಹೊತ್ತು ಕಾಂದಿವಲಿ ಸ್ಟೇಷನ್ನಿನಲ್ಲಿ ಚರ್ಚ್‌ಗೇಟ್ ಲೋಕಲ್ ಹತ್ತುವವರಿಗೆ ಇದನ್ನು ವಿವರಿಸಬೇಕಿಲ್ಲ. ಅಂಗಡಿಯ ಮೇಜಿನ ಮೇಲೆ ಸುಂದರವಾಗಿ ಕಾಣುವ ಎರಡೂವರೆ ಕಿಲೋದ ಯಂತ್ರ, ಜನಜಂಗುಳಿಯಲ್ಲಿ ಬೆನ್ನ ಮೇಲಿದ್ದಾಗ ಬೇರೆಯೇ ಪಾಠ ಕಲಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಗಿ ನೀರು ನುಗ್ಗದ ಚೀಲಕ್ಕೂ ಸ್ವಲ್ಪ ಹಣ ತೆಗೆದಿಡಿ.

ಲ್ಯಾಮಿಂಗ್ಟನ್ ರೋಡಿನಲ್ಲಿ

ಕಾಂದಿವಲಿಯಿಂದ ಸ್ಲೋ ಲೋಕಲ್ ಹಿಡಿದು ಗ್ರ್ಯಾಂಟ್ ರೋಡಿನಲ್ಲಿ ಇಳಿದರೆ ಲ್ಯಾಮಿಂಗ್ಟನ್ ರೋಡ್ ಹತ್ತಿರವೇ ಇದೆ. ಡಾ. ಭಡ್ಕಮ್ಕರ್ ಮಾರ್ಗ ಎಂಬುದು ಅದರ ಅಧಿಕೃತ ಹೆಸರು. ಬೆಂಗಳೂರಿಗೆ ಎಸ್.ಪಿ. ರೋಡ್ ಹೇಗೋ ಮುಂಬಯಿಗೆ ಇದು ಹಾಗೆ. ಹೊಸತು, ಹಳತು, ಬಿಡಿಭಾಗ ಎಲ್ಲವೂ ಇಲ್ಲಿ ಸಿಗುತ್ತವೆ.

ಸೆಕೆಂಡ್ ಹ್ಯಾಂಡ್ ಎಂದೊಡನೆ ಮೂಗು ಮುರಿಯಬೇಕಾಗಿಲ್ಲ. ದೊಡ್ಡ ಕಂಪೆನಿಗಳು ಕೆಲವು ವರ್ಷ ಬಳಸಿ ಒಟ್ಟಾಗಿ ಹೊರಹಾಕುವ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್ ಮಾದರಿಯ ಯಂತ್ರಗಳು ಗಟ್ಟಿಮುಟ್ಟಾಗಿರುತ್ತವೆ. ಅಗ್ಗದ ಹೊಸ ಯಂತ್ರಕ್ಕಿಂತ ಇವು ಎಷ್ಟೋ ಬಾರಿ ಮೇಲು. ಆದರೆ ಹಣ ಎಣಿಸುವ ಮೊದಲು ಈ ಪರೀಕ್ಷೆಗಳನ್ನು ಅಂಗಡಿಯಲ್ಲೇ ನಿಂತು ಮಾಡಿಸಿ:

ಒಂದು, ವಿಂಡೋಸನ್ನು ರೀಸೆಟ್ ಮಾಡಿಸಿ, ಇಂಟರ್ನೆಟ್ ಜೋಡಿಸಿ ಮೊದಲಿನಿಂದ ಶುರು ಮಾಡಿ. ಆಗ ಯಾವುದಾದರೂ ಕಂಪೆನಿಯ ಹೆಸರು ಬಂದು ಅವರ ಪಾಸ್‌ವರ್ಡ್ ಕೇಳಿದರೆ ಆ ಯಂತ್ರ ಇನ್ನೂ ಅವರ ಹಿಡಿತದಲ್ಲಿದೆ ಎಂದರ್ಥ. ಬಯಾಸ್ ಪಾಸ್‌ವರ್ಡ್ ಇದ್ದರೂ ಅಷ್ಟೇ. ಅಂಥದ್ದು ಬೇಡ.

ಎರಡು, ವಿಂಡೋಸ್ ನೀಡುವ ಬ್ಯಾಟರಿ ವರದಿ ತೆಗೆಸಿ. ಡಿಸೈನ್ ಕೆಪಾಸಿಟಿ 50,000 ಇದ್ದು ಫುಲ್ ಚಾರ್ಜ್ ಕೆಪಾಸಿಟಿ 30,000ಕ್ಕೆ ಇಳಿದಿದ್ದರೆ ಬ್ಯಾಟರಿಯಲ್ಲಿ ಉಳಿದ ಶಕ್ತಿ ಶೇ. 60 ಮಾತ್ರ. ಹೊಸ ಬ್ಯಾಟರಿಯ ಬೆಲೆಯನ್ನು ಮುಂದಿಟ್ಟು ಚೌಕಾಶಿ ಮಾಡಿ.

ಮೂರು, ಪ್ರತಿ ಕೀಲಿ, ಕ್ಯಾಮೆರಾ, ಸ್ಪೀಕರ್, ಯುಎಸ್‌ಬಿ, ವೈಫೈ ನೋಡಿ. ಪರದೆಯನ್ನು ಪೂರ್ತಿ ಬಿಳಿ ಮಾಡಿ ಕಲೆಗಳಿವೆಯೇ ಪರೀಕ್ಷಿಸಿ. ಸ್ಕ್ರೂಗಳು ಸವೆದಿದ್ದರೆ ಒಳಗೆ ಯಾರೋ ಕೈ ಹಾಕಿದ್ದಾರೆಂದು ತಿಳಿಯಿರಿ.

ನಾಲ್ಕು, ಬಿಲ್ ಇಲ್ಲದೆ ಕೊಳ್ಳಬೇಡಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್, ವಾರಂಟಿಯ ಅವಧಿ ಬರೆಸಿ. ಬಿಲ್ ಕೊಡಲು ಒಪ್ಪದ ಮಾಲು ಕದ್ದದ್ದೂ ಆಗಿರಬಹುದು.

ಕಂತಿನ ಲೆಕ್ಕ

"ಬಡ್ಡಿರಹಿತ ಕಂತು" ಎಂಬ ಫಲಕ ಎಲ್ಲೆಲ್ಲೂ ಕಾಣುತ್ತದೆ. ಶೂನ್ಯ ಬಡ್ಡಿ ಎಂಬುದೊಂದು ಇಲ್ಲವೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಸ್ಪಷ್ಟಪಡಿಸಿತ್ತು. ಸಾಮಾನ್ಯವಾಗಿ ನಗದು ಕೊಟ್ಟವರಿಗೆ ಸಿಗುವ ರಿಯಾಯಿತಿ ನಿಮಗೆ ಸಿಗುವುದಿಲ್ಲ. ಪ್ರೊಸೆಸಿಂಗ್ ಶುಲ್ಕವೂ ಅದರ ಮೇಲಿನ ಜಿಎಸ್‌ಟಿಯೂ ಬೇರೆ. ನಗದಿನ ಬೆಲೆ ಎಷ್ಟು, ಕಂತುಗಳ ಒಟ್ಟು ಮೊತ್ತ ಎಷ್ಟು, ಎರಡನ್ನೂ ಕಾಗದದಲ್ಲಿ ಬರೆದು ಮನೆಯ ಹಿರಿಯರ ಮುಂದಿಡಿ. ಕಂಪ್ಯೂಟರಿನ ವಿಷಯ ಅವರಿಗೆ ತಿಳಿಯದಿರಬಹುದು, ಬಡ್ಡಿಯ ವಿಷಯ ನಮಗಿಂತ ಚೆನ್ನಾಗಿ ತಿಳಿದಿದೆ.

ಮೋಸವಾದರೆ ಸುಮ್ಮನಿರಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು.

ಹಳೆಯ ಯಂತ್ರದಲ್ಲಿರುವ ಕನ್ನಡ

ಇದು ನಮ್ಮ ಮನೆಗಳಿಗೇ ವಿಶೇಷವಾದ ಸಂಗತಿ. ಹಳೆಯ ಲ್ಯಾಪ್‌ಟಾಪ್‌ನಲ್ಲಿ ತಂದೆಯವರು ಬರೆದ ಸಂಘದ ವರದಿ, ಅಜ್ಜ ಹೇಳಿ ಬರೆಸಿದ ಮನೆತನದ ಇತಿಹಾಸ, ಯಕ್ಷಗಾನ ಪ್ರಸಂಗದ ಟಿಪ್ಪಣಿ ಇರಬಹುದು. ಇವು ನುಡಿ ಅಥವಾ 1998ರಲ್ಲಿ ಬಂದ ಬರಹ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿದ್ದರೆ, ಹೊಸ ಯಂತ್ರದಲ್ಲಿ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣಿಸುತ್ತದೆ. ಕಡತ ಕೆಟ್ಟಿದೆ ಎಂದು ಭಾವಿಸಿ ಅಳಿಸಿಹಾಕಬೇಡಿ. ಆ ಫಾಂಟ್ ಹಾಕಿದರೆ ಅಕ್ಷರ ಮರಳಿ ಬರುತ್ತದೆ. ಯಂತ್ರ ಇನ್ನೂ ಜೀವಂತವಿರುವಾಗಲೇ ಪ್ರತಿಯೊಂದನ್ನೂ ಪಿಡಿಎಫ್ ಮಾಡಿ, ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಾಯಿಸಿ, ಪೆನ್‌ಡ್ರೈವ್‌ನಲ್ಲಿ ಇನ್ನೊಂದು ಪ್ರತಿ ಇಡಿ. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತು ತಪ್ಪುವುದುಂಟು. ತಂದೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ ತಿದ್ದಿ. ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತ ನಿಮಗೆ ಇದಕ್ಕಿಂತ ಒಳ್ಳೆಯ ಕನ್ನಡ ಪಾಠ ಸಿಗದು.

ಹೊಸ ಯಂತ್ರದಲ್ಲಿ ಕನ್ನಡಕ್ಕಾಗಿ ಬೇರೆ ಖರ್ಚಿಲ್ಲ. ವಿಂಡೋಸ್, ಲಿನಕ್ಸ್ ಎರಡರಲ್ಲೂ ಕನ್ನಡ ಅಡಕವಾಗಿಯೇ ಬರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಕೀಲಿಮಣೆ ಸೇರಿಸಿಕೊಂಡರಾಯಿತು. ನುಡಿಯಲ್ಲಿರುವ ಸುಲಭ ಕೀಲಿಮಣೆಯ ವಿನ್ಯಾಸಕ್ಕೆ ಆಧಾರವಾದದ್ದು ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರ ಕೆಲಸ. ಅವರೂ ಒಂದು ಕಾಲದಲ್ಲಿ ಈ ಮುಂಬಯಿಯಲ್ಲೇ ದುಡಿದವರು ಎಂಬುದು ನಮಗೆ ಹೆಮ್ಮೆಯ ವಿಷಯ.

ಕಡತಗಳೆಲ್ಲ ಸುರಕ್ಷಿತವಾದ ಮೇಲೆ ಹಳೆಯ ಯಂತ್ರದ ಡಿಸ್ಕನ್ನು ಪೂರ್ತಿ ಅಳಿಸಿ. ನಡೆಯುವಂತಿದ್ದರೆ ಲಿನಕ್ಸ್ ಹಾಕಿ ಅಗತ್ಯವಿರುವ ವಿದ್ಯಾರ್ಥಿಗೆ ಕೊಡಿ. ನಡೆಯದಿದ್ದರೆ ಕಸದ ಬುಟ್ಟಿಗೆ ಹಾಕದೆ ನೋಂದಾಯಿತ ಇ-ತ್ಯಾಜ್ಯ ಸಂಗ್ರಹಕಾರರಿಗೆ ಒಪ್ಪಿಸಿ. ಉಬ್ಬಿದ ಬ್ಯಾಟರಿ ಮನೆಯಲ್ಲಿಡುವುದು ಅಪಾಯಕರ.

ಬರುವ ಶನಿವಾರವೋ ಭಾನುವಾರವೋ ಮನೆಮಂದಿಯೆಲ್ಲ ಜತೆಗೂಡಿ ಕುಳಿತು, ಏನು ಬೇಕು, ಎಷ್ಟರಲ್ಲಿ ಬೇಕು ಎಂದು ಒಂದು ಚೀಟಿ ಬರೆಯಿರಿ. ಅದನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ. ಚೀಟಿಯಲ್ಲಿಲ್ಲದ್ದನ್ನು ಅಂಗಡಿಯಾತ ಎಷ್ಟೇ ಹೊಗಳಿದರೂ ಆ ದಿನ ಕೊಳ್ಳಬೇಡಿ.